ಗಾಜಿನ ಟ್ಯೂಬ್, ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ಎಂ.ಎಸ್ಸಿ.

ಬಯೋಮೆಡಿಕಲ್ ವಿಷಯದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾರೆ ಎಂದರೆ ನಮ್ಮ ದಾವಣಗೆರೆಯಲ್ಲಿ ಇಂದಿಗೂ ಅದಕ್ಕೆ ಒಂದೇ ಅರ್ಥ. ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲ, ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡಿರಲಿಲ್ಲ, ಇನ್ನೇನು ಮಾಡುವುದು ಎಂದು ಸೇರಿಕೊಂಡರು. 1965ರಿಂದಲೇ ವೈದ್ಯಕೀಯ ಕಾಲೇಜು ಇರುವ ಊರು ಇದು, ಈಗ ಎರಡಿವೆ. ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರು ಡಾಕ್ಟರಿದ್ದಾರೆ. ಹಾಗಾಗಿ ಬಿಳಿ ಕೋಟು ಹಾಕಿಕೊಂಡವರು ರೋಗಿಯ ನಾಡಿ ಹಿಡಿಯದಿದ್ದರೆ ಅವರಲ್ಲೇನೋ ಕೊರತೆಯಿದೆ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನದ ಬಗ್ಗೆ ನನಗೆ ತಕರಾರಿದೆ. ಅದಕ್ಕಿಂತ ದೊಡ್ಡ ತಕರಾರು ಅದನ್ನು ಒಪ್ಪಿಕೊಂಡೇ ತರಗತಿಗೆ ಬಂದು ಕೂರುವ ವಿದ್ಯಾರ್ಥಿಗಳ ಬಗ್ಗೆ. ಸಿಗದೇ ಹೋದ ಸೀಟಿನ ಸೂತಕದಲ್ಲೇ ಇಡೀ ಕೋರ್ಸು ಕಳೆದುಬಿಡುತ್ತಾರೆ.

ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವವಳು. ಎಂಬಿಬಿಎಸ್ ಓದಿದವಳಲ್ಲ. ಕಾಲೇಜಿನ ಕಡತಗಳಲ್ಲಿ ನಮ್ಮಂಥವರಿಗೆ ‘ನಾನ್ ಮೆಡಿಕಲ್’ ಎಂಬ ಪಟ್ಟಿ ಇರುತ್ತದೆ. ಅದರಿಂದ ಬೇಸರವೇನಿಲ್ಲ, ಸಂಬಳದ ಚೀಟಿಯಲ್ಲಿ ಅದರ ಪರಿಣಾಮ ಕಂಡಾಗ ಮಾತ್ರ ಸ್ವಲ್ಪ ಬೇಸರವಾಗುತ್ತದೆ.

ಮೊದಲು ಗೊಂದಲ ತೀರಿಸಿಬಿಡುತ್ತೇನೆ. ವೆಂಟಿಲೇಟರ್, ಸ್ಕ್ಯಾನಿಂಗ್ ಯಂತ್ರ, ಕೃತಕ ಕಾಲು ಇವನ್ನು ರೂಪಿಸುವುದು ಬಯೋಮೆಡಿಕಲ್ ಎಂಜಿನಿಯರಿಂಗ್, ಅದಕ್ಕೆ ಬಿ.ಇ. ದಾರಿ. ರಕ್ತ, ಮೂತ್ರ ಪರೀಕ್ಷಿಸಿ ವರದಿ ಕೊಡುವವರು ಡಿಎಂಎಲ್‌ಟಿ, ಬಿ.ಎಸ್ಸಿ. ಎಂಎಲ್‌ಟಿ ಓದಿದವರು, ಅವರು ಒಂದು ದಿನ ರಜೆ ಹಾಕಿದರೆ ಆಸ್ಪತ್ರೆಯ ಒಳರೋಗಿ ವಿಭಾಗ ನಿಂತುಹೋಗುತ್ತದೆ. ಬಯೋಮೆಡಿಕಲ್ ಸೈನ್ಸ್ ಎಂದರೆ ರೋಗ ದೇಹದೊಳಗೆ ಹೇಗೆ ಬೇರೂರುತ್ತದೆ, ಔಷಧ ಯಾವ ಪ್ರೋಟೀನಿಗೆ ಹೋಗಿ ಅಂಟುತ್ತದೆ, ಒಂದು ಪರೀಕ್ಷೆಯನ್ನು ಹೀಗೇ ಏಕೆ ಮಾಡಬೇಕು ಎಂದು ಜೀವಕೋಶ, ಅಣುಗಳ ಮಟ್ಟದಲ್ಲಿ ಹುಡುಕುವ ಓದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಇದೇ ಹೆಸರಿನ ಎಂ.ಎಸ್ಸಿ. ಇದೆ. ನಮ್ಮ ಕಡೆ ಆ ಹೆಸರಿನ ಬೋರ್ಡು ಹುಡುಕುತ್ತಾ ಅಲೆಯುವ ಅಗತ್ಯವಿಲ್ಲ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಿವೆ. ಅಲ್ಲಿನ ಎಂ.ಎಸ್ಸಿ. ಎರಡು ವರ್ಷದ್ದು. ವೈದ್ಯಕೀಯ ಕಾಲೇಜುಗಳು ಕೊಡುವ ಮೆಡಿಕಲ್ ಎಂ.ಎಸ್ಸಿ. ಮೂರು ವರ್ಷದ್ದು, ಅದರ ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ ಎಲ್ಲವನ್ನೂ ಓದಬೇಕು. ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸದ ಮಾತು ಬಂದಾಗ ಬೇಕಾಗುತ್ತದೆ. ಇಷ್ಟೆಲ್ಲ ವಿವರಿಸಿದ ಮೇಲೂ ನಮ್ಮ ಸೋದರತ್ತೆ ಮದುವೆ ಮನೆಗಳಲ್ಲಿ ನನ್ನನ್ನು ಪರಿಚಯಿಸುವುದು ‘ರಕ್ತ ಪರೀಕ್ಷೆ ಮಾಡುತ್ತಾಳೆ’ ಎಂದೇ.

ಈ ಓದಿನಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ನಾನು ಎರಡು ವಸ್ತು ತೋರಿಸುತ್ತೇನೆ. ಒಂದು ಗಾಜಿನ ಟೆಸ್ಟ್ ಟ್ಯೂಬ್, ಇನ್ನೊಂದು ಪ್ಲಾಸ್ಟಿಕ್ ಡಬ್ಬಿ.

ಮುಂಗಾರು ಶುರುವಾಗಿ ಮೆಕ್ಕೆಜೋಳ, ಶೇಂಗಾ ಹೊಲಗಳಲ್ಲಿ ಕಳೆ ಕೀಳುವ ಹೊತ್ತಿಗೆ ನಮ್ಮ ಆಸ್ಪತ್ರೆಗಳಿಗೆ ಹಾವು ಕಚ್ಚಿದವರು ಬರತೊಡಗುತ್ತಾರೆ. ಕೊಳಕುಮಂಡಲ ಕಚ್ಚಿದರೆ ಅದರ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಒಂದೇ ಸಮನೆ ಕೆರಳಿಸಿ, ಖರ್ಚು ಮಾಡಿಸಿ, ಬರಿದು ಮಾಡುತ್ತದೆ. ಆಮೇಲೆ ಗಾಯವಾದಲ್ಲಿ ರಕ್ತ ನಿಲ್ಲುವುದಿಲ್ಲ. ಇದನ್ನು ಕಂಡುಹಿಡಿಯಲು ಯಂತ್ರ ಬೇಕಿಲ್ಲ. 2 ಮಿಲಿಲೀಟರ್ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡುತ್ತಾರೆ. ಗಟ್ಟಿಯಾಗಿ ನಿಂತಿದ್ದರೆ ಸರಿ. ನೀರಿನಂತೆ ಹರಿದರೆ ಪ್ರತಿವಿಷ ಕೊಡಬೇಕು. ಯಾವ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಮಾಡಬಹುದು.

ಆದರೆ ಟ್ಯೂಬ್ ಗಾಜಿನದೇ ಏಕೆ? ರಕ್ತದಲ್ಲಿರುವ ಫ್ಯಾಕ್ಟರ್ 12 ಎಂಬ ಪ್ರೋಟೀನು ಗಾಜಿನ ಮೇಲ್ಮೈಯ ಋಣ ವಿದ್ಯುದಂಶ ತಗುಲಿದ ಕೂಡಲೇ ಎಚ್ಚೆತ್ತುಕೊಂಡು ಹೆಪ್ಪುಗಟ್ಟುವ ಸರಣಿಯನ್ನು ಆರಂಭಿಸುತ್ತದೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಆ ಕೆಲಸ ಸರಿಯಾಗಿ ಆಗುವುದಿಲ್ಲ. ಆರೋಗ್ಯವಂತರ ರಕ್ತವೂ 20 ನಿಮಿಷಕ್ಕೆ ಗಟ್ಟಿಯಾಗದೆ ಉಳಿಯಬಹುದು. ಡಿಟರ್ಜೆಂಟ್ ಹಾಕಿ ತೊಳೆದ ಗಾಜಿನ ಟ್ಯೂಬ್ ಬಳಸಿದರೂ ಅದೇ ಎಡವಟ್ಟು. ಬೇಡದವರಿಗೆ ಪ್ರತಿವಿಷ ಹೋಗುತ್ತದೆ. ಅದು ಕುದುರೆಯ ರಕ್ತದಿಂದ ತಯಾರಾಗುವ ಔಷಧ. ಕೆಲವರ ಮೈ ಅದನ್ನು ಸಹಿಸದೆ ಜೀವಕ್ಕೇ ಕುತ್ತು ಬರಬಹುದು. ಟ್ಯೂಬ್ ತೊಳೆಯುವ ಆಯಾಗೆ ಯಾರಾದರೂ ಇದನ್ನು ವಿವರಿಸಿದ್ದಾರೆಯೇ? ವಿವರಿಸಬೇಕಾದವರು ಯಾರು? ನನ್ನ ಮಟ್ಟಿಗೆ ಈ ಎಂ.ಎಸ್ಸಿ. ಓದಿದವರೇ.

ಈಗ ಜಗಳೂರು, ಮೊಳಕಾಲ್ಮೂರು ಕಡೆಗೆ ಹೋಗೋಣ. ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಹಲ್ಲಿನ ಹೊರಪದರ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಗು ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ, ಉಜ್ಜಿದರೆ ಹೋಗುವುದಿಲ್ಲ. ಮೂಳೆಗೆ ಹೋದ ಫ್ಲೋರೈಡ್ ವರ್ಷಾನುಗಟ್ಟಲೆ ಕೂತು ಬೆನ್ನು, ಮಂಡಿ ಬಿಗಿಯುತ್ತದೆ. ದೇಹಕ್ಕೆ ಎಷ್ಟು ಸೇರುತ್ತಿದೆ ಎಂದು ತಿಳಿಯಲು ಮೂತ್ರ ಪರೀಕ್ಷಿಸುತ್ತೇವೆ. ಆ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಇಡುವಂತಿಲ್ಲ. ಫ್ಲೋರೈಡ್ ಗಾಜಿನೊಂದಿಗೆ ಕೂಡಿಕೊಂಡು ಲೆಕ್ಕ ತಪ್ಪಿಸಬಹುದು. ಇಲ್ಲಿ ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು.

ಅಳೆಯುವ ಎಲೆಕ್ಟ್ರೋಡನ್ನು ನೋಡಿದರೆ ಒಂದು ದಪ್ಪ ಪೆನ್ನಿನಷ್ಟಿರುತ್ತದೆ, ತುದಿಯಲ್ಲಿ ಲ್ಯಾಂಥನಂ ಫ್ಲೋರೈಡಿನ ಹರಳು. ಮೊದಲು ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ಅದರ ಪ್ರಾಮಾಣಿಕತೆ ಪರೀಕ್ಷಿಸಬೇಕು. ಹತ್ತು ಪಟ್ಟು ಸಾಂದ್ರತೆ ಬದಲಾದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ಒಮ್ಮೆ ನಮ್ಮಲ್ಲಿ 52 ಬಂತು. ತಂಡದಲ್ಲಿದ್ದ ಹುಡುಗರು “ಹತ್ತಿರ ಹತ್ತಿರ ಇದೆಯಲ್ಲ ಮೇಡಂ, ಬರೆದುಬಿಡೋಣ” ಎಂದರು. ಹೊಳಲ್ಕೆರೆ ಕಡೆಯ ಒಬ್ಬ ಹುಡುಗಿ ಮಾತ್ರ ಏನೂ ಹೇಳದೆ ಮೂರೂ ಬೀಕರುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದಳು. ಒಂದು ಇನ್ನೂ ತಣ್ಣಗಿತ್ತು. ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು. ಎಲ್ಲ ಬೀಕರುಗಳೂ ಒಂದೇ ಉಷ್ಣತೆಗೆ ಬರುವವರೆಗೆ ಕಾದು ಮತ್ತೆ ಅಳೆದಳು, ಸರಿಹೋಯಿತು. ಆ ಹುಡುಗಿ ಪಿಯುಸಿವರೆಗೆ ಕನ್ನಡ ಮಾಧ್ಯಮ. ಮೌಖಿಕ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ ತಡವರಿಸುತ್ತಿದ್ದಳು, ಬೀಕರು ಹಿಡಿದಾಗ ತಡವರಿಸಲಿಲ್ಲ. ಈ ಓದು ಇಂಥವರಿಗೆ.

ಇಷ್ಟು ಹೊಗಳಿದ ಮೇಲೆ ಬಯ್ಯಬೇಕಾದದ್ದನ್ನೂ ಬಯ್ಯಲೇಬೇಕು. ನಮ್ಮ ರಾಜ್ಯದಲ್ಲಿ ಎಂ.ಎಸ್ಸಿ. ಎಷ್ಟೋ ಕಡೆ ಜೆರಾಕ್ಸ್ ಅಂಗಡಿಯ ಕೃಪೆಯಿಂದ ನಡೆಯುತ್ತದೆ. ಹಿಂದಿನ ವರ್ಷದ ಟಿಪ್ಪಣಿ, ಹಿಂದಿನ ವರ್ಷದ ಪ್ರಾಕ್ಟಿಕಲ್ ರೆಕಾರ್ಡು. ಡಿಎನ್ಎ ನಕಲು ತೆಗೆಯುವ ಪಿಸಿಆರ್ ಯಂತ್ರ ಇರುತ್ತದೆ, ಅದರ ಮೇಲೊಂದು ಬಟ್ಟೆ ಹೊದಿಸಿರುತ್ತಾರೆ, ಪರಿಶೀಲನಾ ತಂಡ ಬಂದಾಗ ಬಟ್ಟೆ ತೆಗೆಯುತ್ತಾರೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಬಂದಾಗ ಮಕ್ಕಳು ಬೆಂಗಳೂರಿನ ಯಾವುದೋ ಖಾಸಗಿ ಲ್ಯಾಬಿಗೆ ಸಾವಿರಗಟ್ಟಲೆ ದುಡ್ಡು ಕಟ್ಟಿ ಹೋಗುತ್ತಾರೆ. ಬೈಂಡ್ ಮಾಡಿದ ವರದಿ ಕೈಗೆ ಬರುತ್ತದೆ. ಅದರೊಳಗಿನ ಪ್ರಯೋಗದ ಜೆಲ್ ಚಿತ್ರ ಯಾರದ್ದು ಎಂದು ಕೇಳಿದರೆ ಉತ್ತರವಿಲ್ಲ. ಕಲಿಯುವ ಕೆಲಸವನ್ನೇ ಗುತ್ತಿಗೆಗೆ ಕೊಟ್ಟ ಮೇಲೆ ಪದವಿಗೆ ಬೆಲೆಯಿಲ್ಲ ಎಂದು ಗೊಣಗುವುದರಲ್ಲಿ ಅರ್ಥವೇನಿದೆ?

ಕೆಲಸದ ವಿಷಯದಲ್ಲಿ ಬಣ್ಣ ಹಚ್ಚಿ ಹೇಳಲಾರೆ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಮೂರು ವರ್ಷದ ಮೆಡಿಕಲ್ ಎಂ.ಎಸ್ಸಿ., ಅದರ ಮೇಲೆ ಪಿಎಚ್.ಡಿ. ಬೇಕು. ನಮ್ಮಂಥವರಿಗಿದ್ದ ಹುದ್ದೆಗಳ ಪಾಲನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರಲ್ಲಿ ಕಡಿತಗೊಳಿಸಿತು. ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರದಲ್ಲಂತೂ ಬಾಗಿಲೇ ಮುಚ್ಚಿತ್ತು. 2025ರ ನಿಯಮಾವಳಿ ಆ ಬಾಗಿಲನ್ನು ಮತ್ತೆ ತೆರೆದಿದೆ. ತೆರೆದಿರುವ ಬಾಗಿಲು ನೀವು ಪಿಎಚ್.ಡಿ. ಮುಗಿಸುವವರೆಗೂ ತೆರೆದೇ ಇರುತ್ತದೆ ಎಂದು ನಂಬಿ ಕೂರಬೇಡಿ. ಸಂಶೋಧನೆಯ ಕಡೆ ಹೋಗುವುದಾದರೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ ಬರೆದು, ಸಂಶೋಧನೆಗೆ ಕೊಡುವ ಶಿಷ್ಯವೇತನವಾದ ಜೆಆರ್‌ಎಫ್ ಪಡೆಯಿರಿ. 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಜೈವಿಕ ತಂತ್ರಜ್ಞಾನ ಇಲಾಖೆಯ ಬಿಇಟಿ ಪರೀಕ್ಷೆಯೂ ಇದೆ. ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆ, ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಎಲ್ಲವೂ ಬೆಂಗಳೂರಿನಲ್ಲೇ ಇವೆ, ಬಸ್ಸಿನಲ್ಲಿ ಐದಾರು ಗಂಟೆ. ನೆಟ್ ಬರೆಯದೆ ಎಂ.ಎಸ್ಸಿ. ಒಂದನ್ನೇ ಹಿಡಿದು ಹೊರಟರೆ ಮೊದಲ ಸಂಬಳ ನೋಡಿ ಮನೆಯವರು ಮಾತಾಡದಂತಾಗುತ್ತದೆ. ಇದನ್ನು ಸೇರುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಈಚೆಗೆ ವಿದೇಶದ ಗಾಳಿಯೂ ಬೀಸುತ್ತಿದೆ. ಹೊಸದುರ್ಗ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಲಂಡನ್ನಿನ ಒಂದು ವರ್ಷದ ಬಯೋಮೆಡಿಕಲ್ ಸೈನ್ಸ್ ಮಾಸ್ಟರ್ಸ್‌ಗೆ ಏಜೆಂಟರೊಬ್ಬರು ಸೀಟು ಹಿಡಿದಿದ್ದಾರಂತೆ, ತೋಟದ ಮೇಲೆ ಸಾಲ ತೆಗೆಯಬೇಕಂತೆ.

“ಓದು ಮುಗಿದ ಕೂಡಲೇ ಅಲ್ಲಿನ ಆಸ್ಪತ್ರೆಯಲ್ಲೇ ಕೆಲಸ ಸಿಗುತ್ತದೆಯಂತೆ ಮೇಡಂ.”

“ಯಜಮಾನರೇ, ಅಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ಕರೆಸಿಕೊಳ್ಳಲು ಕಾನೂನಿನ ಪ್ರಕಾರ ಎಚ್‌ಸಿಪಿಸಿ ಎಂಬ ಆರೋಗ್ಯ ವೃತ್ತಿಪರರ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಮಾಸ್ಟರ್ಸ್ ಮುಗಿಸಿದ ಮಾತ್ರಕ್ಕೆ ಅದು ಸಿಗುವುದಿಲ್ಲ, ತರಬೇತಿಯ ದಾಖಲೆಯೂ ಬೇಕು. ಈ ಕೋರ್ಸಿಗೆ ಅಲ್ಲಿನ ಬಯೋಮೆಡಿಕಲ್ ವಿಜ್ಞಾನಿಗಳ ಸಂಸ್ಥೆಯಾದ ಐಬಿಎಂಎಸ್ ಮಾನ್ಯತೆ ಇದೆಯೇ ಎಂದು ಏಜೆಂಟರನ್ನು ಕೇಳಿದ್ದೀರಾ?”

ಅವರು ಮಗಳ ಮುಖ ನೋಡಿದರು. ಅವಳು ಮೊಬೈಲ್ ತೆಗೆದು ಅಲ್ಲೇ ಹುಡುಕತೊಡಗಿದಳು. ಜಾಣ ಹುಡುಗಿ. ವಿದೇಶವೇ ಬೇಡ ಎನ್ನುವವಳು ನಾನಲ್ಲ. ಅಮೆರಿಕದಲ್ಲಿ ಜೀವವಿಜ್ಞಾನದ ಪಿಎಚ್.ಡಿ.ಗೆ ಸಾಮಾನ್ಯವಾಗಿ ಅವರೇ ಶುಲ್ಕ ಭರಿಸಿ ಭತ್ಯೆ ಕೊಡುತ್ತಾರೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಇವೆಲ್ಲ ಗೊತ್ತಿದ್ದೂ ತೋಟ ಅಡವಿಡಿಸುವ ಏಜೆಂಟರ ಮೇಲೆ ನನಗೆ ಸಿಟ್ಟಿದೆ. ಈ ದಾರಿಗಳಲ್ಲಿ ಅವರಿಗೆ ಕಮಿಷನ್ ಇಲ್ಲ, ಅದಕ್ಕೇ ಹೇಳುವುದಿಲ್ಲ.

ಇನ್ನು ‘ಡಾಕ್ಟರ್ ಅಲ್ಲದವರು ಮೆಡಿಕಲ್‌ನಲ್ಲಿ ಏನು ಸಾಧಿಸುತ್ತಾರೆ’ ಎನ್ನುವವರಿಗೆ ಚಿಕ್ಕ ಉತ್ತರ. 1968ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಹರಗೋಬಿಂದ ಖುರಾನಾ ರಸಾಯನಶಾಸ್ತ್ರದವರು. ಕೊರೊನಾ ಲಸಿಕೆಗೆ ದಾರಿ ಮಾಡಿಕೊಟ್ಟ ಎಂಆರ್‌ಎನ್‌ಎ ಸಂಶೋಧನೆಗಾಗಿ 2023ರಲ್ಲಿ ಅದೇ ಪ್ರಶಸ್ತಿ ಪಡೆದ ಕಾಟಲಿನ್ ಕಾರಿಕೋ ಜೀವರಸಾಯನಶಾಸ್ತ್ರದವರು. ಅವರ ಜೊತೆ ಪ್ರಶಸ್ತಿ ಹಂಚಿಕೊಂಡ ಡ್ರೂ ವೈಸ್‌ಮನ್ ವೈದ್ಯರು. ಇಬ್ಬರೂ ಬೇಕಾಯಿತು.

ನಮ್ಮಲ್ಲೂ ಇಬ್ಬರೂ ಬೇಕು. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ಪ್ರತಿವಿಷ ತಯಾರಿಸಲು ಬಳಸುವ ವಿಷ ಬಹುಪಾಲು ತಮಿಳುನಾಡಿನಲ್ಲಿ ಹಿಡಿದ ಹಾವುಗಳದ್ದು. ಒಂದೇ ಜಾತಿಯ ಹಾವಾದರೂ ಪ್ರದೇಶ ಬದಲಾದಂತೆ ವಿಷದ ಸಂಯೋಜನೆ ಬದಲಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಾಗಾದರೆ ಚಿತ್ರದುರ್ಗದ ಕಲ್ಲುಗುಡ್ಡದ ಕೊಳಕುಮಂಡಲಕ್ಕೆ ಈ ಔಷಧ ಎಷ್ಟು ನಾಟುತ್ತದೆ? ಇದು ಒಬ್ಬರ ಪಿಎಚ್.ಡಿ.ಗೆ ಸಾಕಾಗುವಷ್ಟು ದೊಡ್ಡ ಪ್ರಶ್ನೆ. ಚಿತ್ರದುರ್ಗದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ರೋಗಿಗಳು ಇಲ್ಲೇ, ಹಾವು ಇಲ್ಲೇ, ಕೊಳವೆಬಾವಿ ಇಲ್ಲೇ. ಸಂಶೋಧನಾ ಪ್ರಬಂಧಗಳ ವಿಷಯ ಮಾತ್ರ ಎಲ್ಲಿಂದಲೋ ಎರವಲು ಬಂದ ಗಿಡಮೂಲಿಕೆಯ ಆಂಟಿಆಕ್ಸಿಡೆಂಟ್ ಗುಣ. ಅದೇ ಗುಣವನ್ನು ಇನ್ನೆಷ್ಟು ಎಲೆಗಳಲ್ಲಿ ಅಳೆಯುತ್ತೇವೋ!

ಸೇರುವವರು ಒಂದು ಕೆಲಸ ಮಾಡಿ. ಪ್ರವೇಶ ಶುಲ್ಕ ಕಟ್ಟುವ ಮೊದಲು ಆ ವಿಭಾಗದ ಗ್ರಂಥಾಲಯಕ್ಕೆ ಹೋಗಿ ಹಿಂದಿನ ಮೂರ್ನಾಲ್ಕು ವರ್ಷಗಳ ಪ್ರಾಜೆಕ್ಟ್ ವರದಿಗಳನ್ನು ಕೇಳಿ ತೆಗೆಸಿಕೊಳ್ಳಿ. ಫಲಿತಾಂಶದ ಅಧ್ಯಾಯ ಬಿಡಿ, ವಿಧಾನದ ಅಧ್ಯಾಯ ಓದಿ. ಯಾವ ಯಂತ್ರ, ಯಾವ ಕೊಠಡಿ, ಯಾರ ಕೈ ಎಂಬುದು ಅಲ್ಲಿ ಗೊತ್ತಾಗುತ್ತದೆ. ಎಲ್ಲ ವರದಿಗಳಲ್ಲೂ ಒಂದೇ ಪ್ಯಾರಾ ಇದ್ದರೆ ಬಂದ ದಾರಿಗೆ ವಾಪಸಾಗಿ. ಆಮೇಲೆ ಲ್ಯಾಬಿಗೆ ಹೋಗಿ, ಮೈನಸ್ 80 ಡಿಗ್ರಿಯ ಫ್ರೀಜರ್ ಎಲ್ಲಿದೆ, ಕರೆಂಟು ಹೋದರೆ ಅದಕ್ಕೆ ಜನರೇಟರ್ ಸಂಪರ್ಕ ಇದೆಯೇ ಎಂದು ಕೇಳಿ. ವಿಭಾಗದ ಮುಖ್ಯಸ್ಥರನ್ನು ಕೇಳಬೇಡಿ, ಅವರು ಇದೆ ಎಂದೇ ಹೇಳುತ್ತಾರೆ. ಅಟೆಂಡರನ್ನು ಕೇಳಿ.