ಎಸ್ಟಿಮೇಟಿನಲ್ಲಿ ಮಣ್ಣಿಗೂ ಒಂದು ಸಾಲು ಬೇಕು

ಬೆಂಗಳೂರಿನಲ್ಲಿ ಇನ್ನೊಂದು ರಸ್ತೆಯ ಫುಟ್‌ಪಾತ್ ಹೊಸದಾಯಿತು. ಇಂಟರ್‌ಲಾಕ್ ಟೈಲ್ಸ್ ಅಚ್ಚುಕಟ್ಟಾಗಿ ಕೂತಿದೆ, ಕರ್ಬ್ ಕಲ್ಲಿಗೆ ಬಣ್ಣವೂ ಬಿದ್ದಿದೆ. ಸಾಲಾಗಿ ನಿಂತ ಹೊಂಗೆ ಮರಗಳ ಬುಡಕ್ಕೆ ಸಿಮೆಂಟ್ ಮೆತ್ತಿ, ತೊಗಟೆಗೆ ತಾಗುವ ಹಾಗೆ ಕರಣೆ ಎಳೆದಿದ್ದಾರೆ. ಬೆರಳು ತೂರಿಸುವಷ್ಟೂ ಸಂದಿಯಿಲ್ಲ. ಇದನ್ನೇ ಎಷ್ಟು ಸಲ ಬರೆಯುತ್ತೀರಿ ಅಂತ ಕೇಳುವ ಸ್ನೇಹಿತರಿದ್ದೀರಿ. ಪ್ರತಿ ಹೊಸ ಫುಟ್‌ಪಾತಿನಲ್ಲೂ ಇದೇ ಕೆಲಸ ಕಂಡರೆ ಇನ್ನೇನು ಬರೆಯಲಿ?

ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಇಂಥ ಕಾಮಗಾರಿಗಳ ಎಸ್ಟಿಮೇಟ್, ಅಂದರೆ ಕೆಲಸ ಮತ್ತು ಖರ್ಚಿನ ಅಂದಾಜು ಪಟ್ಟಿ, ತೆಗೆದು ನೋಡಿ. ಅಗೆತ ಇಷ್ಟು ಘನ ಮೀಟರ್, ಕಾಂಕ್ರೀಟ್ ಇಷ್ಟು, ಟೈಲ್ಸ್ ಇಷ್ಟು ಚದರ ಮೀಟರ್, ಕರ್ಬ್ ಇಷ್ಟು ಮೀಟರ್. ಸಸಿಗಳಿದ್ದರೆ ತಲೆಯೆಣಿಕೆ. ಮಣ್ಣಿಗೆ ಸಾಲೇ ಇರುವುದಿಲ್ಲ. ಬಿಲ್ ಆಗುವುದು ಟೈಲ್ಸಿನ ಚದರ ಮೀಟರಿಗೆ. ಮರದ ಸುತ್ತ ಪಾತಿ ಬಿಟ್ಟರೆ ಅಳತೆ ಅಷ್ಟು ಕಡಿಮೆ. ಪಾತಿ ಬಿಟ್ಟವನಿಗೆ ನಷ್ಟ, ಮುಚ್ಚಿದವನಿಗೆ ದುಡ್ಡು. ಹೀಗಿರುವಾಗ ಬುಡ ಯಾಕೆ ಉಳಿಯುತ್ತೆ?

ನೆಲದೊಳಗೆ ಆಗುವುದು ಇದು. ಮರದ ಎಳೆಬೇರುಗಳಲ್ಲಿ ಹೆಚ್ಚಿನವು ಮೇಲಿನ 45ರಿಂದ 60 ಸೆಂ.ಮೀ. ಒಳಗೇ ಇರುತ್ತವೆ, ಯಾಕೆಂದರೆ ಗಾಳಿ ಸಿಗುವುದು ಅಲ್ಲಿ. ಟೈಲ್ಸ್ ಹಾಕುವ ಇಂಜಿನಿಯರಿಗೆ ಬೇಕಾದ ನೆಲ ಬೇರೆ: ರೋಲರ್ ಹೊಡೆದು, ಗಟ್ಟಿ ಮಾಡಿ, ಮಣ್ಣಿನ ಸಂದಿಗಳನ್ನೆಲ್ಲ ಮುಚ್ಚಿದ ನೆಲ. ಅದರ ಮೇಲೆ ಕಾಂಕ್ರೀಟ್, ಮರಳಿನ ಹಾಸು, 60 ಮಿ.ಮೀ. ಟೈಲ್ಸ್. ಅಲ್ಲಿ ಬೇರು ಇಳಿಯುವುದಿಲ್ಲ. ಟೈಲ್ಸಿನ ಅಡಿಯ ಮರಳಿನಲ್ಲಿ ಒಂದಿಷ್ಟು ತೇವ, ಒಂದಿಷ್ಟು ಗಾಳಿ ಇರುತ್ತೆ, ಬೇರು ಅಲ್ಲಿಗೇ ನುಗ್ಗಿ, ದಪ್ಪಗಾಗಿ, ಟೈಲ್ಸ್ ಎತ್ತುತ್ತೆ. ಆಮೇಲೆ ಮರವೇ ಫುಟ್‌ಪಾತ್ ಹಾಳು ಮಾಡಿತು ಅಂತ ದೂರು!

ಹೊಸ ಸಸಿಗಳ ಪಾಡು ಇನ್ನೂ ಕೆಟ್ಟದ್ದು. ಲೆಕ್ಕ ಹಾಕಿ ನೋಡಿ. ಮರದ ನೆರಳು ಬೀಳುವ ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನ ಮೀಟರ್ ಒಳ್ಳೆ ಮಣ್ಣು ಬೇಕು ಅನ್ನುವುದು ನಗರಗಳಲ್ಲಿ ಮರ ಬೆಳೆಸುವವರು ಬಳಸುವ ಅಂದಾಜು. 6 ಮೀಟರ್ ಅಗಲ ಹರಡುವ ಮರದ ನೆರಳು ಸುಮಾರು 28 ಚದರ ಮೀಟರ್, ಅಂದರೆ ಕಡಿಮೆಯೆಂದರೂ 8.5 ಘನ ಮೀಟರ್ ಮಣ್ಣು. ನಾವು ಕೊಡುವ, ಉದ್ದ, ಅಗಲ, ಆಳ ಮೂರೂ 60 ಸೆಂ.ಮೀ. ಇರುವ ಗುಂಡಿಯಲ್ಲಿ ಹಿಡಿಯುವುದು 0.22 ಘನ ಮೀಟರ್. ಅದನ್ನೂ ಒಡೆದ ಕಾಂಕ್ರೀಟ್, ಇಟ್ಟಿಗೆ ಚೂರು ಹಾಕಿ ಮುಚ್ಚುತ್ತಾರೆ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಕಬ್ಬಿಣದ ಅಂಶ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆಯ ನರ ಹಸಿರಾಗಿಯೇ ಉಳಿದು, ನಡುವಿನ ಭಾಗ ಹಳದಿಯಾದರೆ ಕಾರಣ ಇದೇ ಇರಬಹುದು. ಕೆಲವು ಕಡೆ ಸಸಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಇಳಿಸಿಬಿಡುತ್ತಾರೆ. ಚೀಲದೊಳಗೆ ಸುತ್ತಿಕೊಂಡ ಬೇರು ಮುಂದೆ ದಪ್ಪಗಾಗಿ ಕಾಂಡವನ್ನೇ ಬಿಗಿಯುತ್ತೆ. ಅಂಥ ಮರ ಎತ್ತರಕ್ಕೆ ಬೆಳೆದ ಮೇಲೆ ಬೇಸಿಗೆ ಮಳೆಯ ಗಾಳಿಗೆ ಉರುಳಿದರೆ ಆಶ್ಚರ್ಯವೇನು? ಬಿದ್ದ ಮರದ ಬೇರು ಗಮನಿಸಿ. ಚರಂಡಿಯ ಕಡೆ ಕಡಿದ ಬೇರುಗಳ ಮೊಂಡು ತುದಿ, ರಸ್ತೆ ಕಡೆ ಕೇಬಲ್ ಟ್ರೆಂಚಿನ ಗುರುತು, ನಡುವೆ ಗುಂಡಿಯ ಅಚ್ಚಿನಲ್ಲೇ ಚೌಕವಾಗಿ ನಿಂತ ಬೇರಿನ ಗಡ್ಡೆ.

ಜನ ನಡೆಯಲಿಕ್ಕೆ ಸಮತಟ್ಟಾದ ಜಾಗ ಬೇಡವೇ, ಗಾಲಿಕುರ್ಚಿಯವರ ಗತಿಯೇನು ಅಂತ ಕೇಳುತ್ತಾರೆ. ಖಂಡಿತ ಬೇಕು. ಆದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 ಕೇಳುವುದು ಅಡೆತಡೆಯಿಲ್ಲದ 1.8 ಮೀಟರ್ ನಡಿಗೆ ಜಾಗ. ಮರ, ಕಂಬ, ಬೆಂಚುಗಳಿಗೆ ಕರ್ಬ್ ಪಕ್ಕದಲ್ಲಿ ಬೇರೆ ಪಟ್ಟಿ ಇಡಬೇಕು. ಆ ಪಟ್ಟಿಯನ್ನೇ ಬಿಡಿ ಬಿಡಿ ಗುಂಡಿ ಮಾಡದೆ ಉದ್ದಕ್ಕೂ ಕಾಲುವೆಯಂತೆ ತೋಡಿ, 1.2 ಮೀಟರ್ ಅಗಲ, 0.9 ಮೀಟರ್ ಆಳ ಕೊಟ್ಟರೆ, 8 ಮೀಟರಿಗೊಂದು ಮರದ ಲೆಕ್ಕದಲ್ಲಿ ಪ್ರತಿ ಮರಕ್ಕೂ 8.6 ಘನ ಮೀಟರ್ ಮಣ್ಣು ಸಿಗುತ್ತೆ. ಜನ ದಾಟಿ ಹೋಗುವ ಕಡೆ ಮಾತ್ರ ಮೇಲೆ ಸ್ಲ್ಯಾಬ್ ಇಡಿ.

ಜಾಗ ಇಕ್ಕಟ್ಟಾಗಿದ್ದರೆ ಟೈಲ್ಸಿನ ಅಡಿಯಲ್ಲೇ ಜಲ್ಲಿ ಮಣ್ಣು ತುಂಬಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ಮಿಶ್ರಣ ಅದು: ತೂಕದಲ್ಲಿ ಸುಮಾರು 80 ಪಾಲು ಜಲ್ಲಿ, 20 ಪಾಲು ಜೇಡಿ ಬೆರೆತ ಮಣ್ಣು. ಭಾರ ಕಲ್ಲಿನಿಂದ ಕಲ್ಲಿಗೆ ಇಳಿಯುತ್ತೆ, ಸಂದಿಯ ಮಣ್ಣು ಬೇರಿಗೆ ಉಳಿಯುತ್ತೆ. ಸ್ಟಾಕ್‌ಹೋಮಿನಲ್ಲಿ ಇನ್ನೂ ದಪ್ಪ ಕಲ್ಲು ಬಳಸಿ, ಮಣ್ಣನ್ನು ನೀರಿನಲ್ಲಿ ಸಂದಿಗೆ ಇಳಿಸುತ್ತಾರೆ. ಒಂದು ಎಚ್ಚರ: ಇದರಲ್ಲಿ ಬಹುಪಾಲು ಕಲ್ಲೇ ಆದ್ದರಿಂದ ಅಷ್ಟೇ ಅಳತೆಯ ಕೆಮ್ಮಣ್ಣಿಗೆ ಇದು ಸಮವಲ್ಲ, ಟ್ರೆಂಚ್ ದೊಡ್ಡದಿರಬೇಕು. ಮಣ್ಣು ಹೆಚ್ಚು ಬಿದ್ದರೆ ಕಲ್ಲುಗಳ ಹಿಡಿತ ತಪ್ಪಿ ಟೈಲ್ಸ್ ಕುಸಿಯುತ್ತೆ.

ಹಳೆ ಮರಗಳನ್ನು ಉಳಿಸುವುದು ಇಷ್ಟು ಕಷ್ಟವೂ ಅಲ್ಲ. ದೆಹಲಿಯಲ್ಲಿ ಮರಗಳ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಕೊಟ್ಟಿದೆ. ತೆಗೆಯುವ ಕ್ರಮ ಮುಖ್ಯ. ಜೆಸಿಬಿ ಬುಡದ ಹತ್ತಿರ ಬರಬಾರದು. ಅದರ ಹಲ್ಲು ಬೇರನ್ನು ಕಡಿಯುವುದಿಲ್ಲ, ಸೀಳುತ್ತೆ, ಸೀಳಿನಲ್ಲಿ ಕೊಳೆ ಹತ್ತುತ್ತೆ. ಸಿಮೆಂಟನ್ನು ಕೈಯಲ್ಲಿ ಒಡೆದು, ಮಣ್ಣು ಮೆಲ್ಲಗೆ ಸಡಿಲಿಸಿ, ಕಾಂಪೋಸ್ಟ್ ಬೆರೆಸಿ, ಮೇಲೆ ಐದಾರು ಸೆಂ.ಮೀ. ಒಣಗಿದೆಲೆ ಹರಡಬೇಕು. ಎಲೆ ಕಾಂಡಕ್ಕೆ ತಾಗಬಾರದು. ಕಾಂಡ ಬುಡದಲ್ಲಿ ಅಗಲವಾಗಿ ಬೇರಿಗೆ ಸೇರುವ ಜಾಗ ಕಣ್ಣಿಗೆ ಕಾಣುತ್ತಿರಬೇಕು. ಅದರ ಮೇಲೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತೆ. ಟ್ರೀ ಗಾರ್ಡಿನ ಸರಳು ತೊಗಟೆಯೊಳಗೆ ಹೂತಿದ್ದರೆ ಜಗ್ಗಬೇಡಿ. ಹೊರಗಿನ ತುದಿಗಳನ್ನು ಕತ್ತರಿಸಿ ಬಿಡಿ.

ನಿಮ್ಮ ರಸ್ತೆಗೆ ಹೊಸ ಫುಟ್‌ಪಾತ್ ಬರುತ್ತಿದ್ದರೆ ಟೆಂಡರಿಗೆ ಮುಂಚೆಯೇ ಎಸ್ಟಿಮೇಟ್ ಕೇಳಿ ಓದಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂರು ಸಾಲು ಇರಲೇಬೇಕು: ಮರಕ್ಕೆ ಇಷ್ಟು ಘನ ಮೀಟರ್ ಮಣ್ಣು, ಹಳೆ ಮರದ ಸುತ್ತ ಬಿಡುವ ಪಾತಿಯ ಅಳತೆ, ಮತ್ತು ಎರಡು ಬೇಸಿಗೆ ನೀರು ಹಾಕಲು ಹಣ. ಗುತ್ತಿಗೆದಾರರ ಕೊನೆಯ ಬಿಲ್ ಪಾಸಾಗುವ ಮುಂಚೆ ಟೇಪ್ ಹಿಡಿದು ಪಾತಿ ಅಳೆಯಿರಿ.