ವಿಗನ್‌ ತಂಡ ಕಪ್ ಗೆದ್ದದ್ದು ಅದೃಷ್ಟದಿಂದಲ್ಲ
ಇಂಗ್ಲೆಂಡ್‌ನ ಫುಟ್‌ಬಾಲ್ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ 2012-13ರ ಫೈನಲ್‌ನಲ್ಲಿ ವಿಗನ್ ತಂಡ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿದ್ದು, ಸಿಟಿಗೆ ಅದು ಕೆಟ್ಟ ದಿನವಾಗಿದ್ದರಿಂದ ಎಂದು ಆ ಗೆಲುವಿನ ಕುರಿತ ಲೇಖನದ ಲೇಖಕರು ಬರೆದ ಮಾತನ್ನು ನಾನು ಒಪ್ಪಲಾರೆ. ಕ್ವಾರ್ಟರ್ ಫೈನಲ್‌ನಲ್ಲಿ ಎವರ್ಟನ್ ತಂಡವನ್ನು ಅದರದೇ ಅಂಗಳದಲ್ಲಿ 3-0ರಿಂದ ಮಣಿಸಿದ್ದನ್ನು ಲೇಖಕರು ಮರೆತೇಬಿಟ್ಟರೇ? ಆ ಮೂರು ಗೋಲುಗಳು ನಾಲ್ಕೇ ನಿಮಿಷಗಳೊಳಗೆ ಬಂದವು! ಫೈನಲ್‌ನಲ್ಲೂ ವಿಗನ್‌ನ ಮೆಕ್‌ಮ್ಯಾನಮನ್ ಸಿಟಿಯ ರಕ್ಷಣಾ ಆಟಗಾರರನ್ನು ಉದ್ದಕ್ಕೂ ಕಾಡಿದ. ಅವನನ್ನು ತಡೆಯಲು ಹೋಗಿಯೇ ಸಿಟಿಯ ಝಬಲೇಟಾ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದದ್ದು. ಇದನ್ನು ಅದೃಷ್ಟ ಎನ್ನುವುದು ಅನ್ಯಾಯ. ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹೊರಗಿದ್ದ ವಿಗನ್‌ನ ಬೆನ್ ವಾಟ್ಸನ್ ಬದಲಿ ಆಟಗಾರನಾಗಿ ಬಂದು, 90 ನಿಮಿಷ ಮುಗಿದ ಮೇಲಿನ ಹೆಚ್ಚುವರಿ ನಿಮಿಷದಲ್ಲಿ ಕಾರ್ನರ್ ಕಿಕ್‌ನಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು ಗೋಲು ಗಳಿಸಿದ.

ಮೂರು ದಿನಗಳ ನಂತರ ವಿಗನ್ ಆರ್ಸೆನಲ್ ಎದುರು 4-1ರಿಂದ ಸೋತು ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ಲೀಗ್‌ಗೆ ಹಿಂಬಡ್ತಿ ಪಡೆದದ್ದು ನಿಜ, ಆದರೆ ಅದು ಇಡೀ ಋತುವಿನ 38 ಲೀಗ್ ಪಂದ್ಯಗಳ ಲೆಕ್ಕ. ಆ ಲೆಕ್ಕವನ್ನು ತಂದು ಕಪ್‌ನ ಗೆಲುವನ್ನು ಅಳೆಯುವುದೇಕೆ? ಒಂದೇ ಋತುವಿನಲ್ಲಿ ಎಫ್‌ಎ ಕಪ್ ಗೆದ್ದು ಹಿಂಬಡ್ತಿಯನ್ನೂ ಕಂಡ ಮೊದಲ ತಂಡವದು. ಅಂದಹಾಗೆ, ಅದೇ ಋತುವಿನ ಕಪ್‌ನಲ್ಲಿ, ಮೇಲಿನ ನಾಲ್ಕು ಲೀಗ್‌ಗಳ ಹೊರಗಿದ್ದ ಲೂಟನ್ ತಂಡ ಪ್ರೀಮಿಯರ್ ಲೀಗ್‌ನ ನಾರ್ವಿಚ್ ತಂಡವನ್ನು ಸೋಲಿಸಿತ್ತು. ಅದಕ್ಕೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ.