ಮಿಲಿಟರಿಗೆ ಹೊರಟ ಹುಡುಗರ ಮನೆಯವರಿಗೆ

ಮಗ ಅಗ್ನಿವೀರ್ ಭರ್ತಿಗೆ ಅರ್ಜಿ ಹಾಕೋ ಮುಂಚೆ ಮನೆಯವರೆಲ್ಲ ಕೂತು ದುಡ್ಡಿನ ವಿಷಯ ಬಿಚ್ಚಿ ಮಾತಾಡಬೇಕು. ಇದನ್ನು ಬಹಳ ದಿನದಿಂದ ಹೇಳಬೇಕು ಅಂತಿದ್ದೆ.

ನನ್ನ ತಮ್ಮನ ಮಗ ಪಿಯುಸಿ ಮುಗಿಸಿದ್ದಾನೆ. ದಿನಾ ನಸುಕಿನಲ್ಲಿ ಎದ್ದು ಕೆರೆ ಏರಿ ಮೇಲೆ ಓಡುತ್ತಾನೆ. ಭರ್ತಿಯ ಫಿಸಿಕಲ್ ಪರೀಕ್ಷೆಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ಬೀಮ್ (ಕಂಬಿ ಹಿಡಿದು ನೇತಾಡಿ ಮೈ ಮೇಲೆತ್ತೋದು) ಹತ್ತು ಎಳೆದರೆ 40. ಬೀಮ್ ಎಳೆದೂ ಎಳೆದೂ ಅವನ ಅಂಗೈಯೆಲ್ಲ ಜಡ್ಡುಗಟ್ಟಿದೆ. ಲಿಖಿತ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು, ಅದೊಂದು ನೆಮ್ಮದಿ. ಹುಡುಗನ ಮನಸ್ಸು ಗಟ್ಟಿಯಾಗಿದೆ. ಗೊಂದಲ ಇರೋದು ನಮ್ಮಂಥ ದೊಡ್ಡವರಲ್ಲಿ.

ತಮ್ಮ ಇನ್ನೂ ಹಳೇ ಮಿಲಿಟರಿ ಲೆಕ್ಕದಲ್ಲೇ ಇದ್ದಾನೆ. ಹದಿನೈದು, ಹದಿನೇಳು ವರ್ಷ ಸರ್ವಿಸ್, ಆಮೇಲೆ ಬದುಕಿರೋತನಕ ಪೆನ್ಷನ್. 2022ರ ಜೂನ್‌ನಲ್ಲಿ ಅಗ್ನಿಪಥ್ ಯೋಜನೆ ಬಂದ ಮೇಲೆ ಅದು ಹೋಯಿತು, ಅದರಲ್ಲಿ ಸೇರೋರೇ ಅಗ್ನಿವೀರರು. ಈಗ ಟ್ರೇನಿಂಗೂ ಸೇರಿ ನಾಲ್ಕೇ ವರ್ಷ. ಕಾಯಂ ಆಗೋರು ನೂರಕ್ಕೆ ಹೆಚ್ಚೆಂದರೆ 25 ಜನ. ಉಳಿದವರಿಗೆ ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ ಬರೋದು 21,000. ಮುರಿದುಕೊಂಡ ದುಡ್ಡು ಸೇವಾ ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 11.71 ಲಕ್ಷ.

ನನಗೆ ಸಂಕಟ ಆಗೋದು ಈ ದುಡ್ಡಿನ ವಿಷಯಕ್ಕೇ. ಹುಡುಗ ಇನ್ನೂ ಫಿಸಿಕಲ್ಲೇ ಪಾಸಾಗಿಲ್ಲ, ಆಗಲೇ ಮನೆಯಲ್ಲಿ "ತಂಗಿ ಮದುವಿಗೆ ಆಗ್ತೈತಿ, ಸೊಸೈಟಿ ಸಾಲಾನೂ ಹರೀತೈತಿ" ಅನ್ನೋ ಮಾತು. ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಊರಿಗೆ ವಾಪಸ್ ಬಂದರೆ ಅವನ ಹತ್ತಿರ ಇರೋ ಬಂಡವಾಳ ಅದೊಂದೇ ಅಲ್ವಾ? ಓದಲಿ, ಅಂಗಡಿ ಇಡಲಿ, ಪೊಲೀಸ್ ಪರೀಕ್ಷೆಗೆ ಕೂರಲಿ, ಅದು ಅವನ ದುಡ್ಡು.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಧಾರವಾಡ ಕಡೆಯವರು ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಸಿಕ್ಕಿಕೊಂಡಿದ್ದರು. ಜೀವಂತ ಸಿಕ್ಕರೂ ದಿಲ್ಲಿ ಆಸ್ಪತ್ರೆಯಲ್ಲಿ ಉಳಿಯಲಿಲ್ಲ. ಅಂಥ ಜಾಗಕ್ಕೆ ಹೋಗೋನು ತನ್ನ ಮನಸ್ಸಿನಿಂದಲೇ ಹೋಗಬೇಕು. ಮನೆ ಸಾಲ ತೀರಿಸು ಅಂತ ಯಾರೂ ಅವನನ್ನು ಕಳಿಸಬಾರದು.

ಮೊನ್ನೆ ಹುಡುಗ ಕೇಳಿದ, "ದೊಡ್ಡಪ್ಪಾ, ಹೋಗ್ಲ್ಯೋ ಬ್ಯಾಡೋ, ನೀವ ಹೇಳ್ರಿ." ಹೋಗು ಅಂದೆ. ಆದರೆ ಸರ್ವಿಸ್ ಜೊತೆಗೇ ಡಿಗ್ರಿ ಮಾಡಿಕೋ ಅಂದೆ. ಅಗ್ನಿವೀರರಿಗೆ ಅಂತಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೋರ್ಸ್ ಇದೆ, ಟ್ರೇನಿಂಗ್‌ನಲ್ಲಿ ಕಲಿತಿದ್ದಕ್ಕೂ ಕ್ರೆಡಿಟ್ ಕೊಡುತ್ತಾರೆ. ನೂರಕ್ಕೆ 75 ಜನ ವಾಪಸ್ ಬರುವಾಗ ನಾನೂ ಬರಬಹುದು ಅಂದುಕೊಂಡೇ ತಯಾರಾಗಬೇಕು.

ತಮ್ಮನಿಗೂ ಹೇಳಿದ್ದೇನೆ, ಸೇವಾ ನಿಧಿಯ ಮೇಲೆ ಕಣ್ಣಿಡಬೇಡ ಅಂತ. ಅವನು ಇನ್ನೂ ಒಪ್ಪಿಲ್ಲ. 2022ರ ಕೊನೆಗೆ ಸೇರಿದ ಮೊದಲ ಬ್ಯಾಚಿನ ಹುಡುಗರು ನಿಮ್ಮ ಮನೆಯಲ್ಲಿದ್ದರೆ, ನಾಲ್ಕು ವರ್ಷದ ಆಮೇಲೆ ಏನು ಅಂತ ಯೋಚಿಸಿದ್ದೀರಿ, ದಯವಿಟ್ಟು ಬರೆಯಿರಿ. ತಮ್ಮನಿಗೆ ಓದಿ ಹೇಳುತ್ತೇನೆ.